ಜಿ620 ತೆಗೆದು 3470 ಕೂರಿಸಿದ ಭಾನುವಾರ

ನನ್ನ ಮೇಜಿನ ಕೆಳಗಿರುವ ಕಂಪ್ಯೂಟರ್ ಜೋಡಿಸಿದ್ದು 2011ರ ಕೊನೆಯಲ್ಲಿ. ಇಂಟೆಲ್ ಎಚ್61 ಚಿಪ್‌ಸೆಟ್ ಇರುವ ಸಣ್ಣ ಮದರ್‌ಬೋರ್ಡ್, ಅದರ ಮೇಲೆ ಪೆಂಟಿಯಂ ಜಿ620 ಪ್ರೊಸೆಸರ್. ಎರಡು ಕೋರ್, ಅಂದರೆ ಲೆಕ್ಕ ಮಾಡುವ ಎರಡು ತಲೆ; 2.6 ಗಿಗಾಹರ್ಟ್ಸ್ ವೇಗ. ಬೇಕಾದಾಗ ವೇಗ ಏರಿಸಿಕೊಳ್ಳುವ ಟರ್ಬೊ ಇಲ್ಲ, ಒಂದು ಕೋರನ್ನು ಎರಡರಂತೆ ದುಡಿಸುವ ಹೈಪರ್‌ಥ್ರೆಡಿಂಗ್ ಇಲ್ಲ. ಆಗ ನಾನು ಮಾಡುತ್ತಿದ್ದದ್ದು ಟೈಪಿಂಗ್ ಮತ್ತು ಕರಡು ತಿದ್ದುವ ಕೆಲಸ. ಅಷ್ಟಕ್ಕೆ ಅದು ಧಾರಾಳವಾಗಿ ಸಾಕಿತ್ತು. ಆಮೇಲೆ ರ್‍ಯಾಮ್ ಎಂಟು ಜಿಬಿಗೆ ಏರಿತು, ಹಾರ್ಡ್ ಡಿಸ್ಕ್ ಇದ್ದ ಜಾಗಕ್ಕೆ ಎಸ್‌ಎಸ್‌ಡಿ ಬಂತು, ವಿಂಡೋಸ್ ಹೋಗಿ ಲಿನಕ್ಸ್ ಬಂತು. ಪ್ರೊಸೆಸರ್ ಮಾತ್ರ ಕೂತಲ್ಲೇ ಕೂತಿತ್ತು. ಕಳೆದ ತಿಂಗಳು ಒಂದು ಭಾನುವಾರ ಅದನ್ನು ತೆಗೆದು ಕೋರ್ ಐ5-3470 ಹಾಕಿದೆ. ಅದರ ಕಥೆಯನ್ನು ವಿವರವಾಗಿ ಬರೆದಿಡಬೇಕೆನಿಸಿತು. ಇಂಥದೇ ಯಂತ್ರ ಇಟ್ಟುಕೊಂಡು, ಇದನ್ನು ಏನು ಮಾಡಲಿ ಎಂದು ಯೋಚಿಸುತ್ತಿರುವವರು ಇನ್ನೂ ಎಷ್ಟೋ ಜನ ಇದ್ದಾರೆಂದು ನನಗೆ ಗೊತ್ತು.

ಇಷ್ಟು ವರ್ಷ ಇಲ್ಲದ ಅವಸರ ಈಗ ಯಾಕೆ ಬಂತು ಎಂದರೆ, ನನ್ನ ಕೆಲಸ ಬದಲಾಯಿತು. ಈಚಿನ ಎರಡು ವರ್ಷಗಳಿಂದ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಪಠ್ಯಕ್ಕೆ ಇಳಿಸುತ್ತಿದ್ದೇನೆ. ಪುಟದ ಚಿತ್ರವನ್ನು ಓದಿ ಅಕ್ಷರ ಗುರುತಿಸಲು (ಈ ಕೆಲಸಕ್ಕೆ ಓಸಿಆರ್ ಎನ್ನುತ್ತಾರೆ) ಟೆಸರಾಕ್ಟ್ ಎಂಬ ತಂತ್ರಾಂಶವಿದೆ. 1980ರ ದಶಕದಲ್ಲಿ ಎಚ್‌ಪಿ ಕಂಪನಿಯೊಳಗೆ ಹುಟ್ಟಿದ್ದು, 2005ರಲ್ಲಿ ಮುಕ್ತ ತಂತ್ರಾಂಶವಾಯಿತು. 2018ರಲ್ಲಿ ಬಂದ ನಾಲ್ಕನೆಯ ಆವೃತ್ತಿಯಿಂದ ಅದು ನ್ಯೂರಲ್ ನೆಟ್‌ವರ್ಕ್ ಬಳಸಿ ಅಕ್ಷರ ಗುರುತಿಸುತ್ತದೆ, ಕನ್ನಡವನ್ನೂ ಓದುತ್ತದೆ. ಅಚ್ಚುಮೊಳೆ ಜೋಡಿಸಿ ಮುದ್ರಿಸಿದ ಪುಟಗಳಲ್ಲಿ ಒತ್ತಕ್ಷರಗಳು ಅರ್ಧಂಬರ್ಧ ಮೂಡಿರುತ್ತವೆ, ದೀರ್ಘದ ಕೊಂಬು ಸವೆದಿರುತ್ತದೆ. ಅಂಥ ಪುಟಕ್ಕೆ ಒಂದೇ ಸಲ ಓಡಿಸಿದರೆ ಸಾಲದು. ಚಿತ್ರದ ಬೆಳಕು ಸರಿಪಡಿಸಿ, ಓರೆಯಾದ ಸಾಲುಗಳನ್ನು ನೆಟ್ಟಗೆ ಮಾಡಿ ಮತ್ತೆ ಓಡಿಸಬೇಕು. 240 ಪುಟದ ಒಂದು ಪುಸ್ತಕಕ್ಕೆ ಒಂದು ಸುತ್ತಿಗೆ ಹತ್ತಿರಹತ್ತಿರ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಬೇರೆ ಕೆಲಸ ಮಾಡೋಣವೆಂದರೆ ಮೌಸ್ ಕೂಡ ತೂಕಡಿಸುತ್ತಿತ್ತು. ರಾತ್ರಿ ಹಚ್ಚಿಟ್ಟು ಮಲಗುವುದು, ಬೆಳಿಗ್ಗೆ ಎದ್ದು ನೋಡಿದರೆ ನಾಲ್ವತ್ತನೇ ಪುಟದಿಂದ ಬೆಳಕು ತಪ್ಪಿ ಎಲ್ಲವೂ ಹಾಳಾಗಿರುವುದು, ಮತ್ತೆ ಮೊದಲಿಂದ ಶುರು. ಹೀಗೆ ಎಷ್ಟು ರಾತ್ರಿಗಳು ಹೋದವೋ.

ಹೊಸದು ತಗೊಂಡುಬಿಡಿ ಎಂದವರೇ ಹೆಚ್ಚು. ಆದರೆ ಯಂತ್ರದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬೋರ್ಡಿನ ಕೆಪಾಸಿಟರ್‌ಗಳು ಒಂದೂ ಉಬ್ಬಿರಲಿಲ್ಲ, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಸದ್ದಿಲ್ಲದೆ ನಡೆಯುತ್ತಿತ್ತು. ಹೊಟ್ಟೆಯಲ್ಲಿ ಒಂದು ಭಾಗ ನಿಧಾನವಾದರೆ ಇಡೀ ಯಂತ್ರವನ್ನು ಎಸೆಯುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ.

ಹಾಗೆಂದು ನೇರವಾಗಿ ಪ್ರೊಸೆಸರ್ ಹುಡುಕಲು ಹೊರಡಲಿಲ್ಲ. ನಿಧಾನವಾಗಿರುವುದು ಯಾವುದು ಎಂದು ಮೊದಲು ಗೊತ್ತಾಗಬೇಕು. ಓಸಿಆರ್ ಓಡುತ್ತಿರುವಾಗ ಸಿಸ್ಟಂ ಮಾನಿಟರ್ ತೆರೆದಿಟ್ಟು ಹತ್ತು ನಿಮಿಷ ಸುಮ್ಮನೆ ನೋಡುತ್ತ ಕೂತೆ. ಎರಡೂ ಕೋರ್‌ಗಳ ಗೆರೆ ನೂರಕ್ಕೆ ಅಂಟಿಕೊಂಡು ಅಲ್ಲಾಡುತ್ತಿರಲಿಲ್ಲ. ರ್‍ಯಾಮ್‌ನಲ್ಲಿ ಅರ್ಧಕ್ಕೂ ಹೆಚ್ಚು ಖಾಲಿ. ಡಿಸ್ಕ್ ಆಗೊಮ್ಮೆ ಈಗೊಮ್ಮೆ ಮಿನುಗಿ ಸುಮ್ಮನಾಗುತ್ತಿತ್ತು. ಅಲ್ಲಿಗೆ ಅನುಮಾನ ಪರಿಹಾರವಾಯಿತು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹಳೆಯ ಕಂಪ್ಯೂಟರ್ ನಿಧಾನ ಎನ್ನುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಎಸ್‌ಎಸ್‌ಡಿ. ಆನ್ ಮಾಡಿದರೆ ಐದು ನಿಮಿಷ ಏಳುವುದಿಲ್ಲ, ಬ್ರೌಸರ್ ತೆರೆಯಲು ಒಂದು ಯುಗ ಬೇಕು ಎಂಬ ಯಂತ್ರಕ್ಕೆ ಪ್ರೊಸೆಸರ್ ಬದಲಿಸಿದರೆ ಏನೂ ಆಗುವುದಿಲ್ಲ. ನನ್ನದಕ್ಕೆ ಆ ಚಿಕಿತ್ಸೆ ಎಂದೋ ಆಗಿತ್ತು. ಆದರೂ ಓಸಿಆರ್ ಒಂದು ನಿಮಿಷವೂ ಬೇಗ ಮುಗಿದಿರಲಿಲ್ಲ.

ಇನ್ನು ಯಾವ ಪ್ರೊಸೆಸರ್ ಎಂಬ ಪ್ರಶ್ನೆ. ಪ್ರೊಸೆಸರ್ ಕೂರುವ ಗೂಡಿಗೆ ಸಾಕೆಟ್ ಎನ್ನುತ್ತಾರೆ. ಈ ಬೋರ್ಡಿನದು ಎಲ್‌ಜಿಎ 1155 ಸಾಕೆಟ್. ಹೆಸರಿನಲ್ಲಿರುವ ಸಂಖ್ಯೆ ಸಾಕೆಟ್ಟಿನಲ್ಲಿರುವ ಪಿನ್ನುಗಳದು. ಅದಕ್ಕೂ ಹಿಂದೆ 1156 ಇತ್ತು, ಆಮೇಲೆ 1150 ಬಂತು. ಕೇಳುವುದಕ್ಕೆ ಅಣ್ಣತಮ್ಮಂದಿರಂತಿದ್ದರೂ ಒಂದರ ಪ್ರೊಸೆಸರ್ ಇನ್ನೊಂದಕ್ಕೆ ಕೂರುವುದಿಲ್ಲ. ಅಂಚಿನ ಕಚ್ಚುಗಳೇ ಬೇರೆ ಬೇರೆ ಜಾಗದಲ್ಲಿವೆ. 1155ಕ್ಕೆ ಇಂಟೆಲ್‌ನ ಎರಡು ತಲೆಮಾರು ಮಾತ್ರ ಬಂದವು. 2011ರ ಸ್ಯಾಂಡಿ ಬ್ರಿಡ್ಜ್, 32 ನ್ಯಾನೋಮೀಟರ್. 2012ರ ಐವಿ ಬ್ರಿಡ್ಜ್, 22 ನ್ಯಾನೋಮೀಟರ್. ನನ್ನ ಜಿ620 ಮೊದಲ ತಲೆಮಾರಿನದು. ಬೋರ್ಡ್ ತಯಾರಕರ ತಾಣದಲ್ಲಿ ನನ್ನ ಮಾದರಿಯ ಪುಟ ಹುಡುಕಿ, ಅದು ಒಪ್ಪುವ ಪ್ರೊಸೆಸರ್‌ಗಳ ಪಟ್ಟಿ ತೆರೆದೆ. ಐವಿ ಬ್ರಿಡ್ಜ್ ಹೆಸರುಗಳೂ ಇದ್ದವು. ಐ5 ಇತ್ತು, ಐ7 ಇತ್ತು. ಪ್ರತಿಯೊಂದರ ಮುಂದೆಯೂ ಯಾವ ಬಯಾಸ್ (ಯಂತ್ರ ಏಳುವಾಗ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಆವೃತ್ತಿಯಿಂದ ಇದು ನಡೆಯುತ್ತದೆ ಎಂದು ಬರೆದಿತ್ತು.

ಆ ಪಟ್ಟಿ ನೋಡಿ ನನಗೆ ನಿಜವಾಗಿಯೂ ಮನಸ್ಸು ಕಲಕಿತು. ಇಷ್ಟು ಕಾಲ ನಾನು ಬೈಯುತ್ತಿದ್ದ ಬೋರ್ಡು ತನಗೆ ಹೊರಲು ಬರುವ ಭಾರದ ಅರ್ಧವನ್ನೂ ಹೊತ್ತಿರಲಿಲ್ಲ. ಹೊರುವ ಅವಕಾಶವನ್ನೇ ನಾನು ಕೊಟ್ಟಿರಲಿಲ್ಲ.

ಈ ಪ್ರೊಸೆಸರ್‌ಗಳು ಈಗ ಹೊಸದಾಗಿ ಸಿಗುವುದಿಲ್ಲ, ಬಳಸಿದವೇ ಗತಿ. ಪ್ರೊಸೆಸರ್ ಎಂಬುದು ಬಳಕೆಯಿಂದ ಸುಲಭಕ್ಕೆ ಸವೆಯುವ ವಸ್ತುವಲ್ಲ, ಆದ್ದರಿಂದ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಹೆಸರಿನ ಕೊನೆಯ ಒಂದಕ್ಷರಕ್ಕೆ. ನನಗೆ ಬೇಕಾದ ಐ5-3470ಕ್ಕೆ ನಾಲ್ಕು ಕೋರ್, 3.2 ಗಿಗಾಹರ್ಟ್ಸ್, ಟರ್ಬೊದಲ್ಲಿ 3.6, ಒಳಗಿನ ಚುರುಕು ನೆನಪು (ಕ್ಯಾಶ್) 6 ಎಂಬಿ, ಉಷ್ಣದ ಲೆಕ್ಕ 77 ವ್ಯಾಟ್. ಅದೇ ಹೆಸರಿಗೆ ಟಿ ಸೇರಿಸಿ 3470ಟಿ ಎಂದರೆ ಅದಕ್ಕೆ ಎರಡೇ ಕೋರ್, 35 ವ್ಯಾಟ್. ಎಸ್ ಸೇರಿಸಿದರೆ ನಾಲ್ಕು ಕೋರ್ ಇದೆ, ಆದರೆ ವೇಗ 2.9ರಿಂದ ಶುರು. 3350ಪಿ ಎಂಬ ಇನ್ನೊಂದು ಐ5 ಇದೆ. ಅದರಲ್ಲಿ ಗ್ರಾಫಿಕ್ಸ್ ಭಾಗವೇ ಇಲ್ಲ. ನನ್ನಂತೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಅದನ್ನು ತಂದು ಹಾಕಿದರೆ ಪರದೆ ಕಪ್ಪಗೇ ಇರುತ್ತದೆ, ಬೋರ್ಡು ಸತ್ತಿತೆಂದು ಗಾಬರಿಯಾಗುತ್ತಾರೆ. ಮಾರುವವರು ಬಾಯಲ್ಲಿ ಹೇಳುವ ಹೆಸರು ಕೇಳಿ ಕೊಳ್ಳಬಾರದು. ಪ್ರೊಸೆಸರ್‌ನ ಲೋಹದ ಮುಚ್ಚಳದ ಮೇಲೆ ಕೆತ್ತಿರುವ ಬರಹ ಓದಬೇಕು. ನನ್ನದರ ಮೇಲೆ ಎಸ್‌ಆರ್0ಟಿ8 ಎಂದಿತ್ತು. ಅದು ಟಿ, ಎಸ್ ಯಾವುದೂ ಅಲ್ಲದ ಅಪ್ಪಟ 3470ರ ಗುರುತು.

ಐ7-3770 ಯಾಕಲ್ಲ ಎಂದು ಕೇಳಬಹುದು. ಅದಕ್ಕೂ ನಾಲ್ಕೇ ಕೋರ್, ಹೈಪರ್‌ಥ್ರೆಡಿಂಗ್ ಇರುವುದರಿಂದ ಎಂಟು ಎಂದು ತೋರಿಸುತ್ತದೆ. ಲಾಭ ಇದ್ದೇ ಇದೆ, ಆದರೆ ಎರಡು ಕೋರ್‌ನಿಂದ ನಾಲ್ಕಕ್ಕೆ ಹೋದಾಗ ಸಿಗುವಷ್ಟು ದೊಡ್ಡ ಜಿಗಿತ ಅಲ್ಲಿಲ್ಲ. ನಂಬಬಹುದಾದವರ ಕೈಯಲ್ಲಿ, ಪೆಟ್ಟಿಲ್ಲದ 3470 ಸಿಕ್ಕಿತು, ಜತೆಗೆ ತಾಮ್ರದ ತಿರುಳಿರುವ ಕೂಲರ್ ಕೂಡ ಬಂತು. ಅಲ್ಲಿಗೆ ಹುಡುಕಾಟ ನಿಲ್ಲಿಸಿದೆ.

ಪ್ರೊಸೆಸರ್ ಮನೆಗೆ ಬಂದ ಮೇಲೂ ಒಂದು ವಾರ ಅದನ್ನು ಡಬ್ಬಿಯಲ್ಲೇ ಇಟ್ಟಿದ್ದೆ. ಕಾರಣ ಬಯಾಸ್. ನನ್ನ ಬೋರ್ಡಿನ ಬಯಾಸ್ ಬರೆದದ್ದು 2011ರಲ್ಲಿ. ಐವಿ ಬ್ರಿಡ್ಜ್ ಬಂದದ್ದು 2012ರ ಏಪ್ರಿಲ್‌ನಲ್ಲಿ. ಅಂದರೆ ಈ ಬೋರ್ಡಿನ ಮಟ್ಟಿಗೆ 3470 ಇನ್ನೂ ಹುಟ್ಟಿಯೇ ಇಲ್ಲ. ಹಾಗೇ ತೆಗೆದು ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆ ಏಳುವುದಿಲ್ಲ. ಆದ್ದರಿಂದ ಹಳೆಯ ಪ್ರೊಸೆಸರ್ ಇರುವಾಗಲೇ, ಅದರ ಕೈಯಿಂದಲೇ, ಬೋರ್ಡಿಗೆ ಹೊಸದರ ಪರಿಚಯ ಮಾಡಿಸಬೇಕು. ಈ ಕ್ರಮ ತಿಳಿಯದೆ ಮೊದಲು ಪ್ರೊಸೆಸರ್ ಬದಲಿಸಿ, ಪರದೆ ಬರದೆ, ಇದು ಕೆಟ್ಟ ಮಾಲು ಎಂದು ವಾಪಸ್ ಕೊಟ್ಟವರನ್ನು ನಾನು ಬಲ್ಲೆ.

ನನ್ನ ಬೋರ್ಡಿಗೆ ಇದು ಎರಡು ಹಂತದ ಕೆಲಸವಾಗಿತ್ತು. ಬಯಾಸ್ ಚಿಪ್ಪಿನೊಳಗೆ ಇಂಟೆಲ್‌ನ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಇನ್ನೊಂದು ಫರ್ಮ್‌ವೇರ್ ಇರುತ್ತದೆ. ಸ್ಯಾಂಡಿ ಬ್ರಿಡ್ಜ್ ಕಾಲದ ಬೋರ್ಡಿನಲ್ಲಿ ಅದು ಏಳನೇ ಆವೃತ್ತಿ, ಐವಿ ಬ್ರಿಡ್ಜ್‌ಗೆ ಎಂಟನೇದು ಬೇಕು. ಮೊದಲು ನಡುವಿನ ಒಂದು ಬಯಾಸ್, ಆಮೇಲೆ ಕೊನೆಯದು, ಮತ್ತು ಹೋದ ಮೇಲೆ ಹಿಂದಿರುಗಿ ಬರಲು ದಾರಿ ಇಲ್ಲ ಎಂದು ತಯಾರಕರ ಸೂಚನೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಸೂಚನೆಯನ್ನು ಮೂರು ಸಲ ಓದಿ, ಒಂದು ಹಾಳೆಯಲ್ಲಿ ನನ್ನ ಕೈಬರಹದಲ್ಲಿ ಇಳಿಸಿಕೊಂಡೆ. ಬಯಾಸ್‌ನ ಈಗಿನ ಎಲ್ಲ ಪುಟಗಳ ಫೋಟೊ ಫೋನಿನಲ್ಲಿ ತೆಗೆದಿಟ್ಟೆ. ಹೊಸ ಬಯಾಸ್ ಬಂದಾಗ ಎಲ್ಲ ಆಯ್ಕೆಗಳೂ ಮೊದಲಿನಂತಾಗುತ್ತವೆ, ಡಿಸ್ಕ್ ಜೋಡಣೆಯ (ಸಾಟಾ) ವಿಧಾನ ಎಎಚ್‌ಸಿಐ ಇದ್ದದ್ದು ಹಳೆಯ ಐಡಿಇ ಆಗಿಬಿಡಬಹುದು. ಆಮೇಲೆ ಪೆನ್ ಡ್ರೈವನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ ಫೈಲ್ ಹಾಕಿಕೊಂಡೆ. ಯುಪಿಎಸ್ ಬ್ಯಾಟರಿ ಪೂರ್ತಿ ತುಂಬಿದ್ದು ನೋಡಿಕೊಂಡೇ ಶುರು ಮಾಡಿದೆ. ಬರೆಯುತ್ತಿರುವ ನಡುವೆ ಕರೆಂಟ್ ಹೋದರೆ ಬೋರ್ಡು ಮತ್ತೆ ಏಳುವುದಿಲ್ಲ.

ಪರದೆಯ ಮೇಲೆ ಒಂದು ಪಟ್ಟಿ ನಿಧಾನವಾಗಿ ತುಂಬುತ್ತದೆ. ಅಳಿಸುತ್ತಿದೆ, ಬರೆಯುತ್ತಿದೆ, ಪರೀಕ್ಷಿಸುತ್ತಿದೆ. ಮೂರು ನಿಮಿಷವೂ ಆಗಲಿಲ್ಲ. ಆ ಮೂರು ನಿಮಿಷ ನಾನು ಕುರ್ಚಿಯಿಂದ ಅಲ್ಲಾಡಲಿಲ್ಲ, ಕೀಲಿಮಣೆಯಿಂದ ಕೈಯನ್ನು ದೂರ ಇಟ್ಟುಕೊಂಡಿದ್ದೆ. ಯಂತ್ರ ತಾನೇ ಆರಿ, ಎರಡು ಸೆಕೆಂಡು ಸುಮ್ಮನಿದ್ದು, ಮತ್ತೆ ಹೊತ್ತಿಕೊಂಡು ಹೊಸ ಬಯಾಸ್ ದಿನಾಂಕ ತೋರಿಸಿದಾಗ ಉಸಿರು ಬಿಟ್ಟೆ. ಎರಡನೇ ಹಂತವೂ ಹಾಗೇ ಮುಗಿಯಿತು. ಹಳೆಯ ಜಿ620ರಲ್ಲೇ ಎರಡು ದಿನ ಕೆಲಸ ಮಾಡಿ ಎಲ್ಲ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡೆ. ಒಂದೇ ದಿನ ಬಯಾಸ್, ಪ್ರೊಸೆಸರ್ ಎರಡನ್ನೂ ಬದಲಿಸಿ ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತೆಂದು ಹೇಗೆ ಗೊತ್ತಾಗಬೇಕು?

ಭಾನುವಾರ ಬೆಳಿಗ್ಗೆ ಕ್ಯಾಬಿನೆಟ್ ಮೇಜಿನ ಮೇಲೆ ಬಂತು. ಟಾರ್ಚ್ ಹಿಡಿಯಲು ಮಗ ಬಂದ. ಅವನಿಗೆ ಹದಿನಾಲ್ಕು. ಯಂತ್ರಕ್ಕೂ ಹೆಚ್ಚುಕಡಿಮೆ ಅವನದೇ ವಯಸ್ಸು.

ಬಿಚ್ಚುವ ಮುಂಚೆ ಹದಿನೈದು ನಿಮಿಷ ಓಸಿಆರ್ ಓಡಿಸಿ ಪ್ರೊಸೆಸರ್ ಬಿಸಿ ಮಾಡಿದ್ದೆ. ಪ್ರೊಸೆಸರ್‌ನಿಂದ ಕೂಲರ್‌ಗೆ ಶಾಖ ದಾಟಿಸಲು ನಡುವೆ ಹಚ್ಚಿದ, ವರ್ಷಗಟ್ಟಲೆ ಅಲ್ಲೇ ಇರುವ ಥರ್ಮಲ್ ಪೇಸ್ಟ್ ಒಣಗಿ ಅಂಟಿನಂತೆ ಹಿಡಿದಿರುತ್ತದೆ, ಬಿಸಿಯಲ್ಲಿ ಸ್ವಲ್ಪ ಮೆತ್ತಗಾಗುತ್ತದೆ. ಆಮೇಲೆ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತು ಹರಿಯಲು ಬಿಟ್ಟೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ತು ಕಳೆದುಕೊಂಡೆ. ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಗೂಟಗಳ ತಲೆಯ ಮೇಲೆ ಬಾಣದ ಗುರುತಿದೆ; ಆ ಕಡೆಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆಳೆದರೆ ಬಿಡುತ್ತದೆ. ನಾಲ್ಕೂ ಬಿಟ್ಟ ಮೇಲೆ ನೇರ ಮೇಲಕ್ಕೆ ಎಳೆಯಲಿಲ್ಲ, ಎಡಕ್ಕೆ ಬಲಕ್ಕೆ ಮೆಲ್ಲನೆ ತಿರುಚಿದೆ. ಚಪ್ ಎಂದು ಬಿಟ್ಟುಕೊಂಡಿತು. ಇಂಟೆಲ್‌ನ ಈ ಸಾಕೆಟ್ಟಿನಲ್ಲಿ ಪ್ರೊಸೆಸರನ್ನು ಉಕ್ಕಿನ ಚೌಕಟ್ಟು ಹಿಡಿದಿರುವುದರಿಂದ ಅಪಾಯ ಕಡಿಮೆ. ಎಎಂಡಿಯ ಎಎಂ3, ಎಎಂ4 ಥರದವುಗಳಲ್ಲಿ ಪಿನ್ನುಗಳು ಪ್ರೊಸೆಸರ್‌ಗೇ ಇರುತ್ತವೆ, ಅವಸರದಿಂದ ಎಳೆದರೆ ಕೂಲರ್ ಜತೆಗೆ ಪ್ರೊಸೆಸರೂ ಕಿತ್ತು ಬರುತ್ತದೆ. ಅಲ್ಲಿ ಈ ತಿರುಚುವ ಕೆಲಸ ಮರೆಯಲೇಬಾರದು.

ಪೇಸ್ಟ್ ಬೂದಿಬಣ್ಣದ ಪುಡಿಯಾಗಿತ್ತು. ಬೆರಳಿನಲ್ಲಿ ಉಜ್ಜಿದರೆ ಸೀಮೆಸುಣ್ಣದಂತೆ ಉದುರಿತು. ಸಾಕೆಟ್ ತೆರೆಯುವ ಮೊದಲೇ ಪ್ರೊಸೆಸರ್ ತಲೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದೆ, ಆ ಪುಡಿ ಒಂದು ಕಣವೂ ಒಳಗೆ ಬೀಳಬಾರದೆಂದು. ಲಿವರ್ ಒತ್ತಿ, ಪಕ್ಕಕ್ಕೆ ಸರಿಸಿ, ಬಿಟ್ಟೆ. ಉಕ್ಕಿನ ಚೌಕಟ್ಟು ಎದ್ದಿತು. ಜಿ620ರ ಎರಡು ಅಂಚು ಹಿಡಿದು ನೆಟ್ಟಗೆ ಮೇಲಕ್ಕೆ ಎತ್ತಿದೆ.

ಕೆಳಗೆ ಸಾಕೆಟ್ ಬರಿದಾಗಿ ಕಾಣಿಸಿತು. ಇದನ್ನು ನೋಡದವರಿಗೆ ಹೇಗೆ ಹೇಳುವುದು! 1155 ಸ್ಪ್ರಿಂಗ್ ಪಿನ್ನುಗಳು, ಒಂದೊಂದೂ ಕೂದಲೆಳೆಯಷ್ಟು, ಎಲ್ಲವೂ ಒಂದೇ ಕಡೆಗೆ ಬಾಗಿ ನಿಂತಿವೆ. ಗಾಳಿಗೆ ಒಂದೇ ದಿಕ್ಕಿಗೆ ವಾಲಿದ ಪೈರಿನ ಗದ್ದೆ ನೆನಪಾಯಿತು. ಟಾರ್ಚನ್ನು ಓರೆ ಹಿಡಿದು ನಿಧಾನವಾಗಿ ಸರಿಸು ಎಂದೆ. ಬೆಳಕು ಸಾಲಿನಿಂದ ಸಾಲಿಗೆ ಹರಿಯಿತು. ಎಲ್ಲ ಪಿನ್ನುಗಳೂ ಸರಿಯಿದ್ದರೆ ಈ ಬೆಳಕು ಎಲ್ಲೂ ತಡೆಯದೆ ಒಂದೇ ಸಮನೆ ಹೋಗುತ್ತದೆ. ಬಾಗಿದ ಪಿನ್ನಿದ್ದ ಕಡೆ ಒಂದು ಚುಕ್ಕಿ ತಪ್ಪಿ ಕಪ್ಪಗೆ ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡುತ್ತ ಹೋದೆ. ಬಲಗಡೆಯ ಮೂಲೆಯಿಂದ ನಾಲ್ಕನೇ ಸಾಲಿನಲ್ಲಿ ಬೆಳಕು ಮುರಿಯಿತು.

“ಅಮ್ಮಾ, ಅಲ್ಲೊಂದು ಬಾಗಿದೆ.”

“ತಡಿಯೋ, ಮುಟ್ಟಬೇಡ. ಟಾರ್ಚ್ ಆ ಕಡೆಯಿಂದ ಹಿಡಿ.”

ಆ ಕಡೆಯಿಂದ ಬೆಳಕು ಬಿದ್ದಾಗ ಗೊತ್ತಾಯಿತು, ಅದು ಪಿನ್ನಲ್ಲ. ಒರೆಸಿದ ಬಟ್ಟೆಯ ಒಂದು ನೂಲೆಳೆ ಮೂರು ಪಿನ್ನುಗಳ ಮೇಲೆ ಅಡ್ಡ ಬಿದ್ದಿತ್ತು. ಬೆರಳು, ಹತ್ತಿ, ಬ್ರಷ್ ಯಾವುದನ್ನೂ ಅದರ ಹತ್ತಿರ ತರುವಂತಿಲ್ಲ. ಆ ಸ್ಪ್ರಿಂಗುಗಳಿಗೆ ನೂಲು ಸಿಕ್ಕಿ ಎಳೆದರೆ ಮುಗಿಯಿತು. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಕ್ಯಾಮೆರಾ ಲೆನ್ಸಿಗೆ ಗಾಳಿ ಹಾಕುವ ರಬ್ಬರ್ ಬುರುಡೆ ನಮ್ಮಲ್ಲಿತ್ತು. ಅದನ್ನು ಓರೆಯಾಗಿ ಹಿಡಿದು ಒಮ್ಮೆ ಒತ್ತಿದೆ, ಅಲ್ಲಾಡಿತು. ಎರಡನೇ ಸಲ ಅರ್ಧ ಎದ್ದಿತು. ಮೂರನೇ ಸಲಕ್ಕೆ ಹಾರಿ ಅಂಚಿಗೆ ಬಿತ್ತು, ಚಿಮಟಿಯಲ್ಲಿ ಅಲ್ಲಿಂದ ಎತ್ತಿದೆ. ಮತ್ತೆ ಮೊದಲ ಸಾಲಿನಿಂದ ಕೊನೆಯವರೆಗೆ ಬೆಳಕು ಹರಿಸಿ ನೋಡಿದೆವು. ಎಲ್ಲೂ ಮುರಿಯಲಿಲ್ಲ. ಒರೆಸಲು ನೂಲು ಬಿಡದ ಬಟ್ಟೆಯನ್ನೇ ಬಳಸಬೇಕು, ನಾನು ಹಳೆಯ ಹತ್ತಿಬಟ್ಟೆ ಬಳಸಿದ್ದೆ.

3470ರ ಮೂಲೆಯಲ್ಲಿ ಚಿನ್ನದ ಬಣ್ಣದ ಪುಟ್ಟ ತ್ರಿಕೋನವಿದೆ, ಅಂಚಿನಲ್ಲಿ ಎರಡು ಕಚ್ಚುಗಳಿವೆ. ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ ಇಟ್ಟೆ. ಒತ್ತಬಾರದು, ಜಾರಿಸಬಾರದು, ತನ್ನ ಭಾರಕ್ಕೇ ಅದು ಕೂರಬೇಕು. ಕೂತಿತು. ಚೌಕಟ್ಟು ಇಳಿಸಿ ಲಿವರ್ ಒತ್ತಲು ಶುರು ಮಾಡಿದೆ. ಲಿವರ್ ಕೆಳಗಿಳಿದಂತೆ ಕರಕರ ಎಂಬ ಸದ್ದು ಬರುತ್ತದೆ, ಕೈಗೆ ಸಾಕಷ್ಟು ಬಲವೂ ಬೇಕಾಗುತ್ತದೆ.

“ಅಮ್ಮಾ, ಸಾಕು! ಮುರಿದೋಗುತ್ತೆ!”

“ಇಲ್ಲ ಕಣೋ, ಇದರ ಸದ್ದೇ ಹೀಗೆ.”

ಅಷ್ಟು ಧೈರ್ಯದಿಂದ ಹೇಳಿದೆನಾದರೂ ನನ್ನ ಬೆನ್ನಿನಲ್ಲೂ ಬೆವರಿಳಿದಿತ್ತು. ಸಾವಿರಕ್ಕೂ ಹೆಚ್ಚು ಸ್ಪ್ರಿಂಗುಗಳನ್ನು ಒಟ್ಟಿಗೆ ಒತ್ತುವ ಬಲ ಅದು. ಪ್ರೊಸೆಸರ್ ಸರಿಯಾಗಿ ಕೂತಿದೆ ಎಂದು ಮೊದಲೇ ನೋಡಿಕೊಂಡಿದ್ದರೆ ಆ ಸದ್ದಿಗೆ ಕೈ ಹಿಂತೆಗೆಯಬೇಕಿಲ್ಲ.

ಪೇಸ್ಟ್ ಬಟಾಣಿ ಕಾಳಿಗಿಂತ ಸ್ವಲ್ಪ ಚಿಕ್ಕದಾಗಿ, ನಡುವೆ ಒಂದು ಬೊಟ್ಟು. ಹರಡಲಿಲ್ಲ, ಕೂಲರ್ ಒತ್ತಿದಾಗ ತಾನೇ ಹರಡುತ್ತದೆ. ಗೂಟಗಳನ್ನು ಎದುರುಬದುರಾಗಿ, ಕರ್ಣದ ಲೆಕ್ಕದಲ್ಲಿ ಒತ್ತಿದೆ. ಟಕ್, ಟಕ್, ಟಕ್. ನಾಲ್ಕನೆಯದರ ಸದ್ದು ಸ್ವಲ್ಪ ಮಂದವಾಗಿತ್ತು, ಎಸ್‌ಎಂಪಿಎಸ್ ವೈರುಗಳ ಹಿಂದೆ ಕೈ ಸರಿಯಾಗಿ ಹೋಗುತ್ತಿರಲಿಲ್ಲ. ಕೂತಿದೆ ಎಂದುಕೊಂಡೆ. ಫ್ಯಾನಿನ ನಾಲ್ಕು ಪಿನ್ನಿನ ವೈರ್ ಸಿಕ್ಕಿಸಿದೆ, ಕೈಯೊಡನೆ ಬಯಾಸ್‌ನ ಸಿಆರ್2032 ಬಿಲ್ಲೆ ಬ್ಯಾಟರಿಯನ್ನೂ ಬದಲಿಸಿದೆ.

ಆನ್ ಮಾಡಿದಾಗ ಯಂತ್ರ ಒಮ್ಮೆ ಎದ್ದು, ಆರಿ, ಮತ್ತೆ ಎದ್ದಿತು. ಆಮೇಲೆ ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಕೋರ್ ಐ5-3470, 3.20 ಗಿಗಾಹರ್ಟ್ಸ್ ಎಂದು ಬಂತು. ಮಗ ಟಾರ್ಚನ್ನು ಇನ್ನೂ ಹಿಡಿದೇ ಇದ್ದ. ಬಯಾಸ್‌ನಲ್ಲಿ ಫೋಟೊ ನೋಡಿಕೊಂಡು ಆಯ್ಕೆಗಳನ್ನು ಮತ್ತೊಮ್ಮೆ ಹೋಲಿಸಿ, ಗಡಿಯಾರ ಸರಿಪಡಿಸಿದೆ. ಲಿನಕ್ಸ್ ಏನೂ ಆಗಿಲ್ಲವೆಂಬಂತೆ ಎದ್ದಿತು. ಡ್ರೈವರ್ ಕೇಳಲಿಲ್ಲ, ಏನನ್ನೂ ಮರುಸ್ಥಾಪಿಸಬೇಕಾಗಲಿಲ್ಲ.

ಆದರೆ ಉಷ್ಣತೆ ನೋಡಿದಾಗ ಖುಷಿ ಇಳಿಯಿತು. ಸುಮ್ಮನಿದ್ದಾಗಲೇ 58 ಡಿಗ್ರಿ. ಓಸಿಆರ್ ಹಚ್ಚಿದ ಒಂದು ನಿಮಿಷಕ್ಕೆ 80, ಆಮೇಲೆ 90, ಆಮೇಲೆ 98. ತಕ್ಷಣ ನಿಲ್ಲಿಸಿದೆ. ಮಿತಿ ಮುಟ್ಟಿದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತದೆ, ಸುಟ್ಟುಹೋಗುವ ಭಯವಿಲ್ಲ. ಆದರೂ ಹಾಗೇ ಬಿಡುವಂತಿಲ್ಲ. ಐವಿ ಬ್ರಿಡ್ಜ್ ಸ್ವಲ್ಪ ಬಿಸಿ ಹೌದು. ಸ್ಯಾಂಡಿ ಬ್ರಿಡ್ಜ್‌ನಲ್ಲಿ ಲೋಹದ ಮುಚ್ಚಳವನ್ನು ಒಳಗಿನ ಚಿಪ್ಪಿಗೆ ಬೆಸುಗೆ ಹಾಕಿರುತ್ತಿದ್ದರು, ಐವಿ ಬ್ರಿಡ್ಜ್‌ನಲ್ಲಿ ಬೆಸುಗೆಯ ಬದಲು ಪೇಸ್ಟ್ ಹಾಕಿದರು, ಚಿಪ್ಪೂ ಚಿಕ್ಕದಾಯಿತು. ಆದರೆ 98 ಬರುವಷ್ಟು ಬಿಸಿಯಲ್ಲ. ಆ ಮಂದವಾದ ಟಕ್ ನೆನಪಾಯಿತು.

ಕ್ಯಾಬಿನೆಟ್ ಮತ್ತೆ ಮೇಜಿಗೆ ಬಂತು. ಈ ಸಲ ಬೋರ್ಡನ್ನೇ ಹೊರಗೆ ತೆಗೆದು ತಿರುಗಿಸಿ ನೋಡಿದೆ. ಮೂರು ಗೂಟಗಳ ಬಿಳಿ ಕಾಲು ಬೋರ್ಡಿನ ಹಿಂದೆ ಪೂರ್ತಿ ಹೊರಬಂದು, ನಡುವೆ ಕಪ್ಪು ಮೊಳೆ ಇಳಿದು ಅರಳಿ ನಿಂತಿದ್ದವು. ನಾಲ್ಕನೆಯದರ ಒಂದು ಸೀಳು ಮಾತ್ರ ತೂತಿನಿಂದ ಈಚೆ ಬಂದಿತ್ತು, ಇನ್ನೊಂದು ಒಳಗೇ ಮಡಚಿಕೊಂಡಿತ್ತು. ಕೂಲರ್ ಆ ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದಿತ್ತು. ಕೂಲರ್ ತೆಗೆದಾಗ ಪೇಸ್ಟಿನ ಗುರುತೂ ಅದನ್ನೇ ಹೇಳಿತು. ಒಂದು ಕಡೆ ತೆಳ್ಳಗೆ ಹರಡಿದೆ, ಆ ಮೂಲೆಯಲ್ಲಿ ದಪ್ಪಗೆ ಬೊಟ್ಟಿನಂತೇ ಉಳಿದಿದೆ. ಎಲ್ಲ ಒರೆಸಿ, ಗೂಟದ ಸೀಳನ್ನು ನೆಟ್ಟಗೆ ಮಾಡಿ, ಹೊಸ ಪೇಸ್ಟ್ ಹಾಕಿ, ಬೋರ್ಡು ಹೊರಗಿರುವಾಗಲೇ ನಾಲ್ಕೂ ಒತ್ತಿ, ಹಿಂದಿನಿಂದ ನೋಡಿ ಖಾತ್ರಿ ಮಾಡಿಕೊಂಡೆ. ಈಗ ಸುಮ್ಮನಿದ್ದಾಗ 36, ನಾಲ್ಕೂ ಕೋರ್ ದುಡಿಯುವಾಗ 64. ಈ ಗೂಟಗಳ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಖಡಾಖಂಡಿತ: ಬೋರ್ಡಿನ ಬೆನ್ನು ಕಣ್ಣಾರೆ ನೋಡದೆ ಕೂಲರ್ ಕೂತಿದೆ ಎಂದು ನಂಬಬೇಡಿ. ಬೋರ್ಡ್ ಬಿಚ್ಚುವ ಅರ್ಧ ಗಂಟೆ ಉಳಿಸಲು ಹೋಗಿ ನಾನು ಎರಡು ಗಂಟೆ ಕಳೆದೆ.

ಅದೇ 240 ಪುಟದ ಪುಸ್ತಕವನ್ನು ಮತ್ತೆ ಓಡಿಸಿದೆ. ಅರ್ಧ ಗಂಟೆ ತುಂಬುವ ಮೊದಲೇ ಮುಗಿಯಿತು. ಕೋರ್ ಎರಡರಿಂದ ನಾಲ್ಕಾದದ್ದು, ವೇಗ ಹೆಚ್ಚಿದ್ದು ಎರಡೂ ಇದಕ್ಕೆ ಕಾರಣ. ಮೂರನೆಯದೊಂದನ್ನು ನಾನು ಮೊದಲು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಜಿ620ರಲ್ಲಿ ಎವಿಎಕ್ಸ್ ಎಂಬ ಆದೇಶಗಳ ಗುಂಪು ಇರಲಿಲ್ಲ. ಆ ಕಾಲದ ಪೆಂಟಿಯಂಗಳಿಗೆ ಇಂಟೆಲ್ ಅದನ್ನು ಕೊಟ್ಟಿರಲಿಲ್ಲ. ಒಂದೇ ಏಟಿಗೆ ಹಲವು ಸಂಖ್ಯೆಗಳನ್ನು ಗುಣಿಸಿ ಕೂಡಿಸುವ ಆದೇಶಗಳವು, ನ್ಯೂರಲ್ ನೆಟ್‌ವರ್ಕಿನ ಹೊಟ್ಟೆಪಾಡೇ ಆ ಗುಣಾಕಾರ. ಟೆಸರಾಕ್ಟ್‌ನ ಆವೃತ್ತಿ ಕೇಳಿದರೆ ಪ್ರೊಸೆಸರ್‌ನಲ್ಲಿ ತನಗೆ ಏನೇನು ಸಿಕ್ಕಿತು ಎಂದು ಅದು ಪಟ್ಟಿ ಮಾಡುತ್ತದೆ. ಹಿಂದೆ ಎಸ್‌ಎಸ್‌ಇ4.1 ಎಂಬ ಒಂದೇ ಸಾಲು ಬರುತ್ತಿತ್ತು. ಈಗ ಅದರ ಮೇಲೆ ಎವಿಎಕ್ಸ್ ಎಂಬ ಇನ್ನೊಂದು ಸಾಲು ಬಂದಿದೆ. ರ್‍ಯಾಮ್ ಕೂಡ ಚುರುಕಾಯಿತು. ನನ್ನಲ್ಲಿದ್ದದ್ದು 1333ರ ಡಿಡಿಆರ್3, ಜಿ620 ಅದನ್ನು 1066ಕ್ಕಿಂತ ಮೇಲೆ ಓಡಿಸುತ್ತಿರಲಿಲ್ಲ. ಈಗ ಅದು ತನ್ನ ಪೂರ್ತಿ ವೇಗದಲ್ಲಿದೆ.

ಇದೇ ಕೆಲಸ ಮಾಡುವವರಿಗೆ ಒಂದು ಮಾತು. ಟೆಸರಾಕ್ಟ್ ಒಂದೇ ಪುಟಕ್ಕೆ ನಾಲ್ಕು ಥ್ರೆಡ್ (ಒಟ್ಟಿಗೆ ಓಡುವ ಕೆಲಸದ ಎಳೆಗಳು) ಹಚ್ಚಿಕೊಳ್ಳಲು ನೋಡುತ್ತದೆ, ಅದರಿಂದ ಲಾಭ ಕಡಿಮೆ. ಈ ಎಳೆಗಳನ್ನು ಹಂಚುವ ಓಪನ್‌ಎಂಪಿಯ ಥ್ರೆಡ್ ಮಿತಿಯನ್ನು ಒಂದಕ್ಕೆ ಕಟ್ಟಿಹಾಕಿ, ನಾಲ್ಕು ಪುಟಗಳನ್ನು ನಾಲ್ಕು ಪ್ರತ್ಯೇಕ ಓಟಗಳಾಗಿ ಒಟ್ಟಿಗೆ ಬಿಟ್ಟರೆ ನಾಲ್ಕು ಕೋರ್‌ಗೂ ನಿಜವಾದ ಕೆಲಸ ಸಿಗುತ್ತದೆ. ಮೇಲೆ ಹೇಳಿದ ಅರ್ಧ ಗಂಟೆ ಹಾಗೆ ಓಡಿಸಿದ್ದು, ಹಿಂದಿನ ಒಂದೂವರೆ ಗಂಟೆಯೂ ಎರಡು ಕೋರ್‌ಗೆ ಹಾಗೇ ಹಂಚಿ ಓಡಿಸಿದ್ದೇ.

ಬದಲಾಗದೆ ಉಳಿದವೂ ಇವೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರು, ಟಿಪಿಎಂ 2.0 ಎಂಬ ಭದ್ರತೆಯ ಭಾಗ ಬೇಕು, ಈ ಸಾಕೆಟ್ಟಿಗೆ ಯಾವ ಪ್ರೊಸೆಸರ್ ತಂದರೂ ಅದು ಆಗದ ಮಾತು. ನಾನು ಲಿನಕ್ಸ್‌ನಲ್ಲಿರುವುದರಿಂದ ಅದು ನನ್ನ ಚಿಂತೆಯಲ್ಲ. ಎಚ್61ರ ಸಾಟಾ ಸೆಕೆಂಡಿಗೆ 3 ಗಿಗಾಬಿಟ್‌ಗೇ ನಿಲ್ಲುತ್ತದೆ, ರ್‍ಯಾಮ್‌ಗೆ ಎರಡೇ ಜಾಗ, 16 ಜಿಬಿ ದಾಟುವುದಿಲ್ಲ. ಎವಿಎಕ್ಸ್2 ಬೇಕೇಬೇಕು ಎನ್ನುವ ತಂತ್ರಾಂಶಗಳು ಹೆಚ್ಚಾಗುತ್ತಿವೆ, ಅದು ಐವಿ ಬ್ರಿಡ್ಜ್‌ನಲ್ಲಿಲ್ಲ. ಆ ದಿನ ಬಂದಾಗ ಬೋರ್ಡನ್ನೂ ಬದಲಿಸಬೇಕಾಗುತ್ತದೆ.

ಜಿ620ನ್ನು ಒರೆಸಿ, 3470 ಬಂದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಟ್ಟು, ಮೇಲೆ ಹೆಸರು ಬರೆದೆ. ಬೋರ್ಡಿಗೆ ಎಂದಾದರೂ ತೊಂದರೆ ಬಂದರೆ ತಪ್ಪು ಯಾವುದರದೆಂದು ಪರೀಕ್ಷಿಸಲು ಅದು ಬೇಕಾಗುತ್ತದೆ. ಕ್ಯಾಬಿನೆಟ್ ಬಾಗಿಲಿನ ಒಳಮೈಗೆ ಒಂದು ಚೀಟಿ ಅಂಟಿಸಿದ್ದೇನೆ: ಪ್ರೊಸೆಸರ್ ಹೆಸರು, ಬಯಾಸ್ ಆವೃತ್ತಿ, ಪೇಸ್ಟ್ ಹಾಕಿದ ದಿನಾಂಕ, ಬ್ಯಾಟರಿ ಬದಲಿಸಿದ ದಿನಾಂಕ. ಅದರ ಕೆಳಗೆ ಮಗ ತನ್ನ ಕೈಬರಹದಲ್ಲಿ ಸೇರಿಸಿದ್ದಾನೆ, “ನಾಲ್ಕೂ ಗೂಟ ಹಿಂದಿನಿಂದ ನೋಡಿದೆ.”